ಬಂಗಾರದ ಮೂತಿಯ ವೈರು

ನಮ್ಮ ಮಾಳಿಗೆಯ ಮೇಲೆ ನೀರಿನ ಟಾಕಿಯ ಕಾಲಿನಿಂದ ಮೆಟ್ಟಿಲ ಬಾಗಿಲ ಕೊಂಡಿಯವರೆಗೆ ಒಂದು ನೀಲಿ ಹಗ್ಗ ಕಟ್ಟಿದೆ. ಉದ್ದ ಹೆಚ್ಚಿಲ್ಲ. ಅವ್ವನ ಒಂದು ಸೀರೆಯನ್ನು ಮಡಿಸಿ ಹಾಕಿ, ಪಕ್ಕದಲ್ಲಿ ಒಂದು ಟವೆಲು, ನನ್ನದೊಂದು ಕುರ್ತಾ ಹಾಕುವಷ್ಟರಲ್ಲಿ ಮುಗಿದುಹೋಗುತ್ತದೆ. ಮೊನ್ನೆ ಎದುರುಮನೆಯ ಬೀದರಿನ ಅಕ್ಕ ತಮ್ಮ ಹೊದಿಕೆ ಒಣಗಿಸಲು ಜಾಗ ಸಾಲದೆ ನಮ್ಮ ಮಾಳಿಗೆಗೆ ಬಂದಿದ್ದರು. ಹಗ್ಗವನ್ನು ಬೆರಳಿನಿಂದ ಮೀಟಿ ನೋಡಿ, "ಇದು ಎಲ್ಲಿ ಸಿಗತದರಿ? ನಮ್ಮ ಹಗ್ಗ ಒಂದು ಚಾದರಕ್ಕೇ ನೆಲಾ ಮುಟ್ಟತದ" ಎಂದರು.

ಅವರಿಗೆ ಏನೆಂದು ಹೇಳಲಿ? ಅದು ಹಗ್ಗವಲ್ಲ. ನಾಚಾರಂನ ನಮ್ಮ ಕಾರ್ಖಾನೆಯ ಅಳತೆಯ ಕೋಣೆಯಲ್ಲಿ ಕೆಲವು ವರ್ಷ ಮರ್ಯಾದೆಯಿಂದ ದುಡಿದು ನಿವೃತ್ತಿಯಾದ ಕೋಆಕ್ಸಿಯಲ್ ಕೇಬಲ್. ಕೆಲಸದಲ್ಲಿದ್ದಾಗ ಅದನ್ನು ಯಾರಾದರೂ ಸ್ವಲ್ಪ ಜೋರಾಗಿ ಬಗ್ಗಿಸಿದರೂ ನಾನು ಮಗುವಿನ ಕೈ ತಿರುಚಿದವರನ್ನು ನೋಡುವಂತೆ ನೋಡುತ್ತಿದ್ದೆ. ಈಗ ಅದರ ಮೇಲೆ ಹಿಂಡಿದ ಸೀರೆ ಬೀಳುತ್ತದೆ, ಕಾಗೆ ಕೂರುತ್ತದೆ.

"ಸಾದಾ ಅಂಗಡ್ಯಾಗ ಸಿಗಂಗಿಲ್ರಿ ಅಕ್ಕಾ" ಎಂದೆ.

ಅವರು ನನ್ನನ್ನು ಬಡಿವಾರದವಳು ಎಂದುಕೊಂಡಿರಬೇಕು. ತಪ್ಪೇನಿಲ್ಲ. ಕೇಬಲ್ಲಿನ ವಿಷಯ ಬಂದರೆ ನಾನು ಬಡಿವಾರದವಳೇ. ನಿಮಗೂ ಸ್ವಲ್ಪ ಹೇಳದೆ ಬಿಡುವುದಿಲ್ಲ.

ಮೊದಲು ಇನ್ನೊಂದು ಬಡಿವಾರ ಮುಗಿಸಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗಳು. ಇದನ್ನು ನಾನು ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಒಮ್ಮೆ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ನಿಂಬೂ ಶರಬತ್ತು ಮಾರುವವನಿಗೂ ಹೇಳಿದ್ದೇನೆ, ಅವನು ಚಿಲ್ಲರೆ ಇಲ್ಲ ಎಂದ. ಅಪ್ಪ ಅವ್ವ ಇಬ್ಬರೂ ಸೇಡಂ ಕಡೆಯಿಂದ ಹೈದರಾಬಾದಿಗೆ ಕೆಲಸಕ್ಕೆ ಬಂದವರು. ಅಪ್ಪ ಗೋಡೆ ಕಟ್ಟುವ ಗೌಂಡಿ, ಅವ್ವ ಬುಟ್ಟಿ ಹೊರುವವಳು. ಮಾದಾಪುರದಲ್ಲಿ ಈಗ ಗಾಜು ಹೊದ್ದು ನಿಂತಿರುವ ಕಟ್ಟಡಗಳಲ್ಲಿ ಅರ್ಧದಷ್ಟನ್ನು ತಾನೇ ಹೊತ್ತಿದ್ದೇನೆ ಎಂದು ಅವ್ವ ಹೇಳುತ್ತಾಳೆ. ನಾನು ಡಿಪ್ಲೊಮಾ ಮುಗಿಸಿ, ಹಗಲು ಕೆಲಸ ಮಾಡುತ್ತ ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿದೆ. ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಮಾಡುವ ವಿದ್ಯೆಯೂ ಆಗಲೇ ಕರಗತವಾಯಿತು, ಅದಕ್ಕೆ ಮಾತ್ರ ಯಾರೂ ಸರ್ಟಿಫಿಕೆಟ್ ಕೊಡಲಿಲ್ಲ.

ಸರ್ಟಿಫಿಕೆಟ್ ಎಂದಾಗ ಅವ್ವನ ನೇಮ ನೆನಪಾಯಿತು. ಹೊಸ ಬಟ್ಟೆ ತಂದರೆ ಅಂಚಿಗೆ ಒಂದು ಬೊಟ್ಟು ಅರಿಷಿಣ ಹಚ್ಚದೆ ಮೈಮೇಲೆ ಹಾಕಬಾರದು ಎನ್ನುವುದು ನಿಮ್ಮ ಮನೆಯಲ್ಲೂ ಇದ್ದೀತು. ನಿಮ್ಮ ಮನೆಯಲ್ಲಿ ಅದು ಬಟ್ಟೆಗೆ ನಿಂತಿರುತ್ತದೆ. ನಮ್ಮ ಅವ್ವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿಲ್ಲ. ಸ್ಕೂಲಿನ ಯೂನಿಫಾರ್ಮಿಗೆ ಹಚ್ಚಿದಳು, ಅದು ಸರಿ. ಚೀಲಕ್ಕೆ ಹಚ್ಚಿದಳು, ಕೊಡೆಗೆ ಹಚ್ಚಿದಳು, ಗಣಿತದ ಪುಸ್ತಕದ ಮೂಲೆಗೆ ಹಚ್ಚಿದಳು. "ಊಟ ಮಾಡಿ ಕೈ ತೊಳೆಯೋ ಪದ್ಧತಿ ಇಲ್ಲವಾ ನಿಮ್ಮಲ್ಲಿ?" ಎಂದು ಟೀಚರ್ ಕೇಳಿದ್ದರು. ಹೊಸ ವಸ್ತುವನ್ನು ಅವ್ವ ಮೊದಲು ತಿರುಗಿಸಿ ಮುರುಗಿಸಿ ನೋಡುತ್ತಾಳೆ, ಅಂಚು ಎಲ್ಲಿದೆ ಎಂದು ಹುಡುಕುತ್ತಾಳೆ. ಸಿಕ್ಕ ಕೂಡಲೆ ಉಂಗುರದ ಬೆರಳು ಅರಿಷಿಣದ ಬಟ್ಟಲಿಗೆ ಹೋಗುತ್ತದೆ.

ಡಿಗ್ರಿ ಸರ್ಟಿಫಿಕೆಟ್ ಮನೆಗೆ ಬಂದ ದಿನ ನಾನು ಅದನ್ನು ಲ್ಯಾಮಿನೇಷನ್ ಮಾಡಿಸಬೇಕೆಂದು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ಬರುವಷ್ಟರಲ್ಲಿ ಅದರ ಕೆಳಗಿನ ಬಲಮೂಲೆಯಲ್ಲಿ, ಕುಲಪತಿಗಳ ಸಹಿಯ ಹತ್ತಿರವೇ, ಅವ್ವನ ಸಹಿಯೂ ಬಿದ್ದಿತ್ತು.

ಅದನ್ನೇ ಹಿಡಿದು ನಾನು ನಾಚಾರಂನ ಕಾರ್ಖಾನೆಯ ಇಂಟರ್‌ವ್ಯೂಗೆ ಹೋದೆ. ಮಾಲೀಕರಾದ ರಾವುಗಾರು ಕನ್ನಡಕವನ್ನು ಹಣೆಗೇರಿಸಿ ಆ ಮೂಲೆಯನ್ನು ಉಜ್ಜಿ ನೋಡಿದರು.

"ಇದೇನಮ್ಮಾ ಕಲೆ?"

"ಅರಿಷಿಣ ಸರ್. ಹೊಸದು ಬಂದರೆ ನಮ್ಮ ಅವ್ವ ಹಚ್ಚುತ್ತಾರೆ."

ಅವರು ಮೂಸಿ ನೋಡಿ, ತಲೆಯಾಡಿಸಿ, ಕೆಪಾಸಿಟರಿನ ಮೇಲೆ ಪ್ರಶ್ನೆ ಕೇಳಿದರು. ರಾವುಗಾರು ಮಾತಾಡುವುದು, ಬೈಯುವುದು ಎಲ್ಲ ತೆಲುಗಿನಲ್ಲೇ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೈಗುಳದ ರುಚಿ ಸ್ವಲ್ಪ ಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ತಯಾರಾಗುವುದು ಅಂಗೈಯಷ್ಟು ಅಗಲದ ಅಲ್ಯೂಮಿನಿಯಂ ಪೆಟ್ಟಿಗೆಗಳು. ಫಿಲ್ಟರ್ ಎನ್ನುತ್ತಾರೆ. ಜರಡಿ ಇದ್ದ ಹಾಗೆ, ಬೇಕಾದ ರೇಡಿಯೊ ಅಲೆಗಳನ್ನು ಬಿಟ್ಟು ಬೇಡವಾದದ್ದನ್ನು ತಡೆಯುತ್ತದೆ. ಜರಡಿ ಸರಿಯಾಗಿದೆಯೇ ಎಂದು ನೋಡಲು ಅಳೆಯುವ ಯಂತ್ರವೊಂದಿದೆ. ಯಂತ್ರಕ್ಕೂ ಪೆಟ್ಟಿಗೆಗೂ ನಡುವೆ ಇರುವುದೇ ಈ ಕೇಬಲ್ಲು. ನಡುವಿನವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಟ್ಟುಹೋದಾಗ ಮಾತ್ರ ಎಲ್ಲದಕ್ಕೂ ಅವರೇ ಕಾರಣ.

ಹಳೆಯ ಯಂತ್ರ ಕೈಕೊಡತೊಡಗಿದಾಗ ರಾವುಗಾರು ಧೈರ್ಯ ಮಾಡಿ ಹೊಸದನ್ನು ತರಿಸಿದರು. ಅಷ್ಟು ಖರ್ಚು ಮಾಡಿದ ಮೇಲೆ ಅವರ ಧೈರ್ಯವೂ ಖರ್ಚಾಗಿತ್ತು. ಕೇಬಲ್ಲಿನ ಮಾತು ಬಂದಾಗ, "ಖದೀರ್ ಕೋಠಿಯಿಂದ ತರುತ್ತಾನೆ ಬಿಡು" ಎಂದರು.

ಖದೀರ್ ಭಾಯಿ ನಮ್ಮ ಖರೀದಿಯ ಮನುಷ್ಯ. ಕೋಠಿ ಬಜಾರಿನ ಗಲ್ಲಿಗಳಲ್ಲಿ ಅವರಿಗೆ ಸಿಗದ ವಸ್ತುವಿಲ್ಲ. ಅವರು ಮಧ್ಯಾಹ್ನದೊಳಗೆ ಒಂದು ಸುರುಳಿ ತಂದು ನನ್ನ ಮೇಜಿನ ಮೇಲೆ ಹಾಕಿದರು.

"ಲೋ ಮೇಡಂ. ತಾರ್ ತೋ ತಾರ್ ಹೈ."

ವೈರು ಎಂದರೆ ವೈರು, ಅಷ್ಟೇ. ನೋಡಿದೆ, ಟಿ.ವಿ.ಗೆ ಹಾಕುವ ಕೇಬಲ್ಲು. ಅದರ ಜಾತಿಯೇ ಬೇರೆ, ಎಪ್ಪತ್ತೈದು ಓಮಿನದು. ನಮ್ಮ ಯಂತ್ರದ್ದು ಐವತ್ತು. ಹೊರಗಿನಿಂದ ಇವುಗಳ ಕೆಲವು ಕನೆಕ್ಟರುಗಳು ಅವಳಿಜವಳಿಯಂತಿರುತ್ತವೆ, ಒಳಗಿನ ಕಡ್ಡಿ ಮಾತ್ರ ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ದಪ್ಪ ಕಡ್ಡಿಯದನ್ನು ಸಣ್ಣ ತೂತಿನೊಳಗೆ ಒತ್ತಿ ತಿರುಗಿಸಿದರೆ ಕೂತೂಬಿಡುತ್ತದೆ, ತೂತು ಮಾತ್ರ ಜನ್ಮಕ್ಕೆ ಸಡಿಲವಾಗುತ್ತದೆ. ಇದನ್ನೆಲ್ಲ ಹೇಳಿದೆ. ಖದೀರ್ ಭಾಯಿ ಸುರುಳಿ ಎತ್ತಿಕೊಂಡು ಹೋಗಿ, ಸಂಜೆಗೆ ಐವತ್ತರದೇ ಇನ್ನೊಂದು ತಂದರು. ಅದರ ಮೂತಿ ಒರಟು, ಮೈ ತೆಳ್ಳಗೆ, ಬೆಲೆ ಮಾತ್ರ ರಾವುಗಾರಿಗೆ ಬಹಳ ಹಿಡಿಸುವಂಥದು.

ಆಗ ನಾನು ಒಂದು ಆಟ ಕಟ್ಟಿದೆ. ರಾವುಗಾರನ್ನು ಕರೆದು ಹಳೆಯ ಯಂತ್ರಕ್ಕೆ ಕೋಠಿಯ ಕೇಬಲ್ಲು ಸಿಕ್ಕಿಸಿ, ತುದಿಗೆ ಒಂದು ಫಿಲ್ಟರ್ ಹಾಕಿದೆ. ಪರದೆಯ ಮೇಲೆ ಗೆರೆ ಬಂತು. ಪೆಟ್ಟಿಗೆಯನ್ನು ಮುಟ್ಟದೆ ಕೇಬಲ್ಲನ್ನಷ್ಟೇ ಮೆಲ್ಲಗೆ ಬಗ್ಗಿಸಿದೆ. ಗೆರೆ ಹಾವಿನ ಹಾಗೆ ಹೊರಳಿತು. ಬಿಟ್ಟೆ, ಮತ್ತೊಂದು ಕಡೆ ಹೊರಳಿತು.

"ಸರ್, ಪೆಟ್ಟಿಗೆ ಇದ್ದಲ್ಲೇ ಇದೆ. ಅಳತೆ ಬದಲಾಯಿತು. ರಬ್ಬರಿನ ಟೇಪು ಹಿಡಿದು ರವಿಕೆಯ ಅಳತೆ ತೆಗೆದ ಹಾಗೆ ಇದು. ಟೇಪು ಎಳೆದಷ್ಟು ಉದ್ದ. ಆಮೇಲೆ ರವಿಕೆ ಮೈಗೆ ಕೂಡಲಿಲ್ಲ ಅಂದರೆ ಮೈಯನ್ನು ಬೈಯೋಕ್ಕಾಗುತ್ತಾ?"

ರಾವುಗಾರು ತಾವೇ ಒಮ್ಮೆ ಕೇಬಲ್ಲನ್ನು ಬಗ್ಗಿಸಿ ನೋಡಿದರು. "ಸರಿ ಶರಣಮ್ಮಾ, ನೀನೇ ಆರಿಸು" ಎಂದರು. "ಆದರೆ ಕೇಳು. ಇದು ನಿನ್ನ ಕೇಬಲ್ಲು. ಹಬ್ಬ ಮುಗಿದ ವಾರವೇ ಮಾದಾಪುರದ ಗಿರಾಕಿಗಳು ಬಂದು ಎದುರಿಗೆ ನಿಂತು ಅಳತೆ ನೋಡುತ್ತಾರೆ. ಅವತ್ತು ಇದೇನಾದರೂ ಕುಣಿಯಿತು ಅಂದರೆ, ಇನ್ನು ಮುಂದೆ ಈ ಕಾರ್ಖಾನೆಯಲ್ಲಿ ಒಂದು ಸ್ಕ್ರೂ ಆರಿಸುವ ಮಾತೂ ನಿನ್ನದಲ್ಲ. ಎಲ್ಲ ಖದೀರ್‌ದೇ."

ಖದೀರ್ ಭಾಯಿ ನನ್ನನ್ನು ನೋಡಿ ಬಹಳ ಮರ್ಯಾದೆಯಿಂದ ನಕ್ಕರು.

ನೋಡಿ, ನಮ್ಮಂಥವರಿಗೆ ಆರಿಸುವ ಅವಕಾಶ ಸಿಗುವುದೇ ಅಪರೂಪ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಆರಿಸಿದವರಲ್ಲ. ಅಪ್ಪ ಮೇಸ್ತ್ರಿ ಕರೆದ ಕಡೆ ಹೋದ. ಅವ್ವ ಅಪ್ಪ ಹೋದ ಕಡೆ ಹೋದಳು. ಕೆಂಪು ಇಟ್ಟಿಗೆಯೋ ಬೂದಿ ಇಟ್ಟಿಗೆಯೋ ಎಂದು ಬುಟ್ಟಿ ಹೊರುವವಳನ್ನು ಯಾರು ಕೇಳುತ್ತಾರೆ? ಅದಕ್ಕೇ ನಾನು ಈ ಕೇಬಲ್ ಆರಿಸುವುದನ್ನು ರಾಜ್ಯಭಾರದಂತೆ ತೆಗೆದುಕೊಂಡೆ. ಎಷ್ಟು ಉದ್ದ ಬೇಕು, ಅದಕ್ಕಿಂತ ಒಂದು ಗೇಣೂ ಹೆಚ್ಚು ಬೇಡ, ಯಾಕೆಂದರೆ ಉದ್ದವಾದಷ್ಟೂ ಅಲೆ ದಾರಿಯಲ್ಲೇ ಸೋರುತ್ತದೆ. ಬಗ್ಗಿಸಿದರೆ ಅಳತೆ ಎಷ್ಟು ಕದಲುತ್ತದೆ. ತುದಿಯ ಕನೆಕ್ಟರಿನ ಮೇಲೆ ಬಂಗಾರದ ಲೇಪವಿದೆಯೇ. ಕಂಪನಿಗಳಿಗೆ ಎಷ್ಟು ಸಲ ಫೋನು ಮಾಡಿದೆನೆಂದರೆ, ಒಂದು ಕಂಪನಿಯ ಹುಡುಗಿಯಂತೂ ಕೊನೆಗೆ, "ಮೇಡಂ, ನಿಮ್ಮ ಮದುವೆಗೂ ಇಷ್ಟು ವಿಚಾರಿಸುತ್ತೀರಾ?" ಎಂದಳು.

ಒಂದು ಸಂಜೆ ಸ್ಯಾಂಪಲ್ ಎಂದು ಬಂದ ಚೋಟುದ್ದದ ತುಂಡನ್ನು ಮನೆಗೆ ತಂದು ಅವ್ವನ ಮುಂದೆ ಸುಲಿದು ತೋರಿಸಿದೆ. ಮೇಲೆ ನೀಲಿ ಸಿಪ್ಪೆ. ಅದರೊಳಗೆ ಬೆಳ್ಳಿಯ ಹಾಗೆ ಹೊಳೆಯುವ ಜಾಳಿಗೆ. ಅದರೊಳಗೆ ಹಾಲಿನಂಥ ಬಿಳಿ ಪದರ. ಎಲ್ಲಕ್ಕಿಂತ ಒಳಗೆ ಒಂದೇ ಒಂದು ತಂತಿ.

"ಒಂದು ವೈರಿಗಿ ಇಷ್ಟು ಅರಿವಿ ಯಾಕ ಉಡಿಸ್ಯಾರ?" ಎಂದಳು ಅವ್ವ.

"ಒಳಗಿನ ಮಾತು ಹೊರಗ ಹೋಗಬಾರ್ದು, ಹೊರಗಿನ ಮಾತು ಒಳಗ ಬರಬಾರ್ದು. ಅದಕ್ಕ."

ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಛಲೋ ಮನೆತನದ್ದು" ಎಂದು ತೀರ್ಪು ಕೊಟ್ಟಳು. ಕನೆಕ್ಟರುಗಳಲ್ಲಿ ಕಡ್ಡಿ ಇರುವುದು ಗಂಡು, ತೂತಿರುವುದು ಹೆಣ್ಣು ಎಂದು ಹೇಳಲು ಹೋದೆ. "ಇಷ್ಟು ವರ್ಷ ಕಾಲೇಜಿನ್ಯಾಗ ಇದನ್ನ ಓದಿದೇನು?" ಎಂದು ಎದ್ದು ಹೋದಳು.

ನನ್ನ ಕೇಬಲ್ಲು ದಸರೆಗೆ ಸ್ವಲ್ಪ ಮೊದಲು ಬಂತು. ಒಡವೆಯಂಗಡಿಯ ಪೆಟ್ಟಿಗೆಯಂಥ ಪೆಟ್ಟಿಗೆ, ಒಳಗೆ ಮೆತ್ತನೆಯ ಕಪ್ಪು ಹಾಸು, ಅದರಲ್ಲಿ ಸುರುಳಿ ಸುತ್ತಿ ಮಲಗಿದ ನೀಲಿ ಮೈ, ಎರಡು ತುದಿಗೂ ಪುಟ್ಟ ಟೋಪಿ. ಟೋಪಿ ತೆಗೆದರೆ ಬಂಗಾರದ ಮೂತಿ. ಎಲ್ಲರೂ ಬಂದು ನೋಡಿ ಹೋದರು. ಕೂಡಲೇ ಸಿಕ್ಕಿಸಿ ನೋಡಬೇಕೆಂದು ನನ್ನ ಕೈ ತುರಿಸುತ್ತಿತ್ತು. ರಾವುಗಾರು ಬಿಡಲಿಲ್ಲ. "ಆಯುಧಪೂಜೆ ಆಗದೆ ಹೊಸ ಯಂತ್ರಕ್ಕೆ ಸ್ವಿಚ್ ಹಾಕಬಾರದು" ಎಂದರು. ಪೂಜೆಗೆ ಎಲ್ಲರೂ ಮನೆಯವರನ್ನು ಕರೆತರಬೇಕೆಂದೂ ಹೇಳಿದರು.

ಅಪ್ಪ ಊರಿಗೆ ಹೋಗಿದ್ದ. ಅವ್ವ ಬಂದಳು. ಹಸಿರು ಸೀರೆ ಉಟ್ಟು, ಸಣ್ಣ ಕೈಚೀಲದಲ್ಲಿ ತನ್ನದೇ ಅರಿಷಿಣ ಕುಂಕುಮದ ಭರಣಿ ಇಟ್ಟುಕೊಂಡು ಬಂದಳು. ಬೇರೆಯವರ ಅರಿಷಿಣದ ಮೇಲೆ ಅವಳಿಗೆ ನಂಬಿಕೆಯಿಲ್ಲ, ಅಂಗಡಿಯವರು ಬಣ್ಣ ಕಲಸುತ್ತಾರಂತೆ. ಗೇಟಿನಲ್ಲಿ ವಾಚ್‌ಮನ್ ನಮಸ್ಕಾರ ಮಾಡಿದಾಗ ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ನೋಡಿದಳು.

ಗೇಟುಗಳ ಜೊತೆ ಅವ್ವನದು ಹಳೆಯ ವ್ಯವಹಾರ. ಕಟ್ಟಡ ಗಾಜು ಕೂಡಿಸುವವರೆಗೆ ಅವ್ವನದು, ಗಾಜು ಕೂಡಿಸಿದ ಮೇಲೆ ವಾಚ್‌ಮನ್‌ದು. ತಾನು ಹೊತ್ತ ಯಾವ ಕಟ್ಟಡದೊಳಗೂ ಅವಳು ಮತ್ತೆ ಕಾಲಿಟ್ಟಿಲ್ಲ. ಪೂರ್ತಿಯಾದ ಕಟ್ಟಡವೊಂದರೊಳಗೆ ಹೋಗಿ, ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು, ಮಾಲೀಕರ ಕೈಯಿಂದ ಕಾಫಿ ತೆಗೆದುಕೊಂಡದ್ದು ಅವತ್ತೇ ಮೊದಲು. ರಾವುಗಾರು ಕೊಟ್ಟ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯುವುದನ್ನು ಮರೆತು ಕೂತಿದ್ದಳು.

ಪೂಜೆಗೆ ಬಂದ ಪುರೋಹಿತರು, ಪಂತುಲುಗಾರು, ಯಂತ್ರಕ್ಕೆ ಕುಂಕುಮವಿಟ್ಟರು, ಬಾಗಿಲಿಗೆ ಇಟ್ಟರು, ಪ್ರಿಂಟರಿಗೆ ಇಟ್ಟರು, ಫ್ರಿಜ್ಜಿಗೂ ಇಟ್ಟರು. ಕರ್ಪೂರ ಬೆಳಗಿತು. ನಾನು ಹೊರಗೆ ಎಲೆಗಳಿಗೆ ಪುಳಿಹೊರ, ಅಂದರೆ ಹುಳಿಯನ್ನ, ಬಡಿಸುತ್ತಿದ್ದೆ. ಗಾಜಿನ ಕಿಟಕಿಯಿಂದ ನೋಡಿದರೆ ಅಳತೆಯ ಕೋಣೆಯಲ್ಲಿ ಅವ್ವ ಒಬ್ಬಳೇ ಇದ್ದಳು. ನನ್ನ ಕೇಬಲ್ಲಿನ ಪೆಟ್ಟಿಗೆಯ ಮುಂದೆ ಬಾಗಿ ನಿಂತಿದ್ದಳು. ಮಗಳು ಆರಿಸಿದ ವಸ್ತುವಿಗೆ ಕೈಮುಗಿಯುತ್ತಿದ್ದಾಳೆ ಎಂದುಕೊಂಡು ಹಿಗ್ಗಿದೆ. ಆ ಭರದಲ್ಲಿ ಖದೀರ್ ಭಾಯಿಯ ಎಲೆಗೆ ಮೂವರಿಗಾಗುವಷ್ಟು ಪುಳಿಹೊರ ಬಿತ್ತು.

ಹಬ್ಬ ಮುಗಿಸಿ ಕೆಲಸಕ್ಕೆ ಬಂದ ದಿನ ಎಲ್ಲರನ್ನೂ ಕರೆದು, ಟೋಪಿ ತೆಗೆದು, ಬಂಗಾರದ ಮೂತಿ ಹೊಳೆಯುವುದನ್ನು ಎಲ್ಲರಿಗೂ ತೋರಿಸಿ, ಸ್ಪ್ಯಾನರಿನಿಂದ ಹದವಾಗಿ ಬಿಗಿದು, ಹೊಸ ಯಂತ್ರಕ್ಕೆ ಸ್ವಿಚ್ ಹಾಕಿದೆ. ಗೆರೆ ಬಂತು. ಬಂದದ್ದೇ ಕುಣಿಯತೊಡಗಿತು.

ನಾನು ಕೇಬಲ್ಲನ್ನು ಮುಟ್ಟಿಯೂ ಇರಲಿಲ್ಲ. ಬಿಚ್ಚಿ ಮತ್ತೆ ಸಿಕ್ಕಿಸಿದೆ, ಬೇರೆ ಅಳತೆ. ಮತ್ತೆ ಬಿಚ್ಚಿದೆ, ಇನ್ನೊಂದು ಅಳತೆ. ಬೆಳಿಗ್ಗೆ ಒಂದು ಬಗೆ, ಮಧ್ಯಾಹ್ನ ಇನ್ನೊಂದು ಬಗೆ. ಕೊನೆಗೆ ಖದೀರ್ ಭಾಯಿ ತಮ್ಮ ಕೋಠಿಯ ಕೇಬಲ್ಲನ್ನು ತಂದು ಎರಡು ಬೆರಳಲ್ಲಿ ಹಿಡಿದು ನಿಂತರು. ಬೇರೆ ದಾರಿಯಿಲ್ಲದೆ ಸಿಕ್ಕಿಸಿದೆ. ಅದೂ ನೆಟ್ಟಗಿರಲಿಲ್ಲ, ಆದರೆ ನನ್ನದಕ್ಕಿಂತ ಎಷ್ಟೋ ಶಾಂತ ಸ್ವಭಾವದ್ದಾಗಿ ಕಂಡಿತು.

"ಮೇಡಂ, ತುಮಾರಾ ಕೇಬಲ್ ಬಹುತ್ ನಖ್ರೇ ಕರ್ರಾ" ಎಂದರು ಖದೀರ್ ಭಾಯಿ. ನಿಮ್ಮ ಕೇಬಲ್ಲಿನ ನಖರಾ ಬಹಳವಾಯಿತು ಎಂದು.

ರಾವುಗಾರು ಬೈಯಲಿಲ್ಲ, ಅದೇ ಹೆಚ್ಚು ಹೆದರಿಕೆ. "ಬಂಗಾರದ ಮೂತಿ" ಎಂದಷ್ಟೇ ಗೊಣಗಿ ತಮ್ಮ ಕೋಣೆಗೆ ಹೋದರು. ಮರುದಿನವೂ ಅದೇ ಕುಣಿತ. ಯಂತ್ರದ ಪುಸ್ತಕವನ್ನು ಅಡಿಯಿಂದ ಮುಡಿಯವರೆಗೆ ಓದಿದೆ. ಭೂತಗನ್ನಡಿ ಮೇಜಿನ ಖಾನೆಯಲ್ಲೇ ಇತ್ತು, ಹೊಸ ಕೇಬಲ್ಲಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡುವುದು ನನ್ನ ಆಯ್ಕೆಗೆ ಅವಮಾನ ಎಂದು ತೆಗೆಯಲಿಲ್ಲ. ಮಾದಾಪುರದವರು ನಾಳೆ ಬರುತ್ತೇವೆ ಎಂದು ಫೋನು ಮಾಡಿದರು.

ಅವರು ಬರುವ ದಿನ ಬೆಳಿಗ್ಗೆ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಚಹಾ ಹಿಡಿದು ಕೂತಿದ್ದೆ. ನನ್ನ ರಾಜ್ಯಭಾರ ಮಧ್ಯಾಹ್ನಕ್ಕೆ ಮುಗಿಯುವುದಿತ್ತು. ಅವ್ವ ಹಬ್ಬಕ್ಕೆ ತಂದ ಹೊಸ ದಿಂಬಿನ ಗವಸನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಮೂಲೆ ಸಿಕ್ಕಿತು. ಉಂಗುರದ ಬೆರಳು ಭರಣಿಗೆ ಹೋಯಿತು.

ಚಹಾದ ಲೋಟ ಕೆಳಗಿಟ್ಟೆ.

"ಅವ್ವಾ, ಹಬ್ಬದ ದಿನ ನಮ್ಮ ಆಫೀಸಿನ್ಯಾಗ ಆ ನೀಲಿ ವೈರಿಗಿ ಏನರ ಹಚ್ಚಿದೇನು?"

"ಮತ್ತ?" ಎಂದಳು, ಹಚ್ಚದೆ ಇರುವವರು ಯಾರು ಎನ್ನುವಂತೆ. "ಆ ಸ್ವಾಮಿ ಮಶಿನಿಗಿ ಹಚ್ಚಿದಾ, ಬಾಗಲಕ್ಕ ಹಚ್ಚಿದಾ, ಫ್ರಿಜ್ಜಿಗಿ ಹಚ್ಚಿದಾ. ನೀ ಆರಿಸಿದ್ದು ಒಂದ ಪೆಟಿಗ್ಯಾಗ ಹಂಗ ಕುಂತಿತ್ತು. ಯಾರೂ ತಿರುಗಿ ನೋಡ್ಲಿಲ್ಲ. ಮೈತುಂಬ ಅರಿವಿ ಉಟ್ಟದ್ದು, ಅಂಚಿಗಿ ಒಂದು ಬೊಟ್ಟು ಅರಿಷಿಣ ಇಲ್ಲಂದ್ರ ಹೆಂಗ?"

"ಅಂಚು ಅಂದ್ರ ಎಲ್ಲಿ?"

"ತುದಿಗಿ. ಟೊಪ್ಪಿಗಿ ತಗದು, ನೀರಾಗ ಕಲಸಿ, ಒಳಗ ಮುಟ್ಟೂವಂಗ ಹಚ್ಚಿ, ಮತ್ತ ಟೊಪ್ಪಿಗಿ ಹಾಕೀನಿ. ಎರಡೂ ಕಡಿಗಿ. ಒಂದಕ್ಕ ಹಚ್ಚಿ ಇನ್ನೊಂದಕ್ಕ ಬಿಟ್ರ ಅದಕ್ಕ ಬ್ಯಾಸರ ಆಗಂಗಿಲ್ಲೇನು?"

"ಕುಂಕುಮ?"

"ಬಂಗಾರಕ್ಕ ಯಾರರ ಕುಂಕುಮ ಹಚ್ಚತಾರೇನು? ಕಲಿ ಬೀಳತಾವ. ಅಷ್ಟು ತಿಳಿಯಂಗಿಲ್ಲೇನು ನನಗ?"

ಕುಂಕುಮ ಹಚ್ಚಿದ್ದರೆ ಮೊದಲ ದಿನವೇ ಕೆಂಪಗೆ ಕಾಣುತ್ತಿತ್ತು. ಬಂಗಾರದ ಮೇಲೆ ಅರಿಷಿಣ ಹಚ್ಚಿದರೆ ಯಾವ ಎಂಜಿನಿಯರಿನ ಕಣ್ಣಿಗೆ ಬೀಳುತ್ತದೆ? ಹಸಿ ಇದ್ದಾಗ ಒಂದು ಅಳತೆ, ಒಣಗುತ್ತ ಬಂದಾಗ ಇನ್ನೊಂದು, ಬಿಚ್ಚಿ ಹಾಕಿದಾಗ ಪುಡಿ ಸರಿದು ಮತ್ತೊಂದು. ಎಲ್ಲ ಅರ್ಥವಾಯಿತು. ಕೇಬಲ್ಲಿಗೆ ಅರಿವೆ ಉಡಿಸಿದ್ದಾರೆ ಎಂಬ ಮಾತಿಗೆ ಹೌದೆಂದು ತಲೆಯಾಡಿಸಿದವಳು ನಾನೇ ತಾನೆ.

"ಯಾಕ, ಏನಾತು?" ಎಂದಳು ಅವ್ವ.

"ಏನಿಲ್ಲವ್ವಾ. ಛಲೋ ಮಾಡೀದಿ."

ಆಫೀಸಿಗೆ ಓಡಿದೆ. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದು ತುದಿಗೆ ಹಾಕಿ ತಿರುಗಿಸಿದೆ, ಹಳದಿಯಾಗಿ ಹೊರಬಂತು. ಇನ್ನೊಂದು ತುದಿ, ಇನ್ನೊಂದು ಹಳದಿ. ಯಂತ್ರದ ಬಾಯಿಗೂ ಸ್ವಲ್ಪ ಹತ್ತಿತ್ತು. ಕಡ್ಡಿಯ ಮೇಲೆ ಕಡ್ಡಿ ಹಾಕಿ, ಈ ಸಲ ಭೂತಗನ್ನಡಿ ಹಿಡಿದು ನೋಡಿ, ಸಿಕ್ಕಿಸಿದೆ. ಪರದೆಯ ಮೇಲೆ ಗೆರೆ ಬಂದು ನಿಂತಿತು. ಕೇಬಲ್ಲನ್ನು ಬಗ್ಗಿಸಿದೆ. ಕದಲಲಿಲ್ಲ. ನನ್ನ ಆಯ್ಕೆಯನ್ನು ನಾನೇ ಒಂದು ಸಲ ಸವರಿದೆ.

ಅಷ್ಟರಲ್ಲಿ ರಾವುಗಾರು ಒಳಗೆ ಬಂದರು, ಹಿಂದೆ ಖದೀರ್ ಭಾಯಿ.

"ಸರಿಹೋಯಿತಾ? ಏನಾಗಿತ್ತು?"

"ಏನೋ ಒಳಗೆ ಹತ್ತಿತ್ತು ಸರ್. ಒರೆಸಿದೆ."

ಇಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ. ರಾವುಗಾರಿಗೆ ಎರಡು ದಿನದ ಸಿಟ್ಟು ಎಲ್ಲಿಯಾದರೂ ಇಳಿಯಬೇಕಿತ್ತು. "ಇಷ್ಟು ಬೆಲೆ ತೆಗೆದುಕೊಂಡು ಕೊಳೆ ತುಂಬಿ ಕಳಿಸುತ್ತಾರಾ? ಆ ಕಂಪನಿಗೆ ಬಿಸಿಬಿಸಿಯಾಗಿ ಒಂದು ಮೇಲ್ ಬರಿ. ನಾನು ಹೇಳುತ್ತೇನೆ, ನೀನು ಟೈಪ್ ಮಾಡು" ಎಂದರು. ಖದೀರ್ ಭಾಯಿ ಮಾತ್ರ ಮೇಜಿನ ಮೇಲಿದ್ದ ಹತ್ತಿಯ ಕಡ್ಡಿಯನ್ನು ಎತ್ತಿ ಮೂಸಿ ನೋಡಿದರು.

"ಸಾಬ್, ಯೇ ತೋ ಹಲ್ದಿ ಹೈ."

"ಅರಿಷಿಣಾನಾ?" ರಾವುಗಾರೂ ಮೂಸಿದರು. ಮುಖ ಕೆಂಪಾಯಿತು. "ಆ ಪಂತುಲುದೇ ಕೆಲಸ. ಫ್ರಿಜ್ಜಿಗೆಲ್ಲ ಬೊಟ್ಟು ಇಡುವಾಗಲೇ ನನಗೆ ಅನುಮಾನ ಬಂದಿತ್ತು" ಎಂದು ಜೇಬಿನಿಂದ ಫೋನು ತೆಗೆದರು.

ನನ್ನ ಕಣ್ಣಿಗೆ ಕಟ್ಟಿದ್ದು ಪೂಜೆಯ ದಿನ ಕುರ್ಚಿಯಲ್ಲಿ ಎರಡೂ ಕೈಯಿಂದ ಲೋಟ ಹಿಡಿದು ಕೂತ ಅವ್ವ. ಹೇಳಿದರೆ ಆ ಕುರ್ಚಿ ಹೋಗುತ್ತದೆ. ಇನ್ನು ಮುಂದೆ ಪೂಜೆಗೆ ಮನೆಯವರು ಬೇಡ ಎನ್ನುತ್ತಾರೆ, ಯಾಕೆ ಬೇಡ ಎಂಬುದು ಇಡೀ ಕಾರ್ಖಾನೆಗೆ ಗೊತ್ತಾಗುತ್ತದೆ. ಹೇಳದಿದ್ದರೆ, ಪಾಪ, ಬೊಜ್ಜು ಹೊತ್ತು ಕಷ್ಟಪಟ್ಟು ಬಾಗಿ ಪ್ರಿಂಟರಿಗೆ ಕುಂಕುಮವಿಟ್ಟ ಆ ಪಂತುಲುಗಾರು ಬೈಸಿಕೊಳ್ಳುತ್ತಾರೆ. ಫೋನು ಆ ಕಡೆ ರಿಂಗಾಗುವುದು ನನಗೂ ಕೇಳಿಸುತ್ತಿತ್ತು.

"ಸರ್, ಪಂತುಲುಗಾರಲ್ಲ. ನಮ್ಮ ಅವ್ವ."

ರಾವುಗಾರು ಫೋನು ಕಿವಿಯಿಂದ ಇಳಿಸಿದರು. ಖದೀರ್ ಭಾಯಿ ಕಡ್ಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಹೊಸ ವಸ್ತುವಿನ ಅಂಚಿಗೆ ಹಚ್ಚುವುದು, ವೈರಿಗೆ ಅರಿವೆ ಉಡಿಸಿದ್ದಾರೆಂದು ನಾನು ಒಪ್ಪಿದ್ದು, ಒಂದಕ್ಕೆ ಹಚ್ಚಿ ಇನ್ನೊಂದನ್ನು ಬಿಟ್ಟರೆ ಅದಕ್ಕೆ ಬೇಸರವಾಗುವುದು, ಎಲ್ಲ ಹೇಳಿದೆ.

"ಅಂದರೆ," ರಾವುಗಾರು ಕನ್ನಡಕ ಹಣೆಗೇರಿಸಿದರು, "ಸರ್ಟಿಫಿಕೆಟ್ಟಿಗೆ ಹಚ್ಚಿದ ಅಮ್ಮನೇನಾ?"

"ಅವರೇ ಸರ್."

"ಫೋನು ಹಚ್ಚು ಅವರಿಗೆ."

ಬೇಡ ಸರ್ ಎಂದೆ. ಹಚ್ಚು ಎಂದರು. ಹಚ್ಚಿದೆ. ಸ್ಪೀಕರ್ ಹಾಕಿಸಿದರು. ಅವ್ವನ ತೆಲುಗು ಇಟ್ಟಿಗೆ ಸಿಮೆಂಟಿನ ನಡುವೆ ಕಲಿತದ್ದು, ಅದರಲ್ಲಿ ಮೆತ್ತನೆಯ ಮಾತು ಕಡಿಮೆ. ಅದನ್ನೂ ಕನ್ನಡದಲ್ಲೇ ಹೇಳುತ್ತೇನೆ.

"ಅಮ್ಮಾ, ನಾನು ರಾವು. ನಮ್ಮ ಕೇಬಲ್ಲಿಗೆ ಅರಿಷಿಣ ಹಚ್ಚಿದವರು ನೀವಾ?"

"ಹೌದು ಸಾರೂ. ಅಷ್ಟು ದೊಡ್ಡ ಕಾರ್ಖಾನೆ ಇಟ್ಟೀರಿ, ಬಂಗಾರದ್ದು ತಂದೀರಿ, ಒಂದು ಬೊಟ್ಟು ಹಚ್ಚೋರಿಲ್ಲ ನಿಮ್ಮಲ್ಲಿ. ನಾನು ನೋಡಿದ್ದಕ್ಕೆ ಆಯಿತು. ಈಗ ನಡೀತದೇನು ಅದು?"

ರಾವುಗಾರು ಪರದೆಯನ್ನು ನೋಡಿದರು. ಗೆರೆ ನೆಟ್ಟಗೆ ನಿಂತಿತ್ತು.

"ನಡೀತದಮ್ಮಾ. ಆದರೆ ಎರಡು ದಿನ ನಡೆಯಲಿಲ್ಲ."

"ಹೊಸದಲ್ಲಾ ಸಾರೂ, ತಡಾ ಆಗತದ. ಮಗಳ ಸರ್ಟಿಫಿಕೆಟೂ ಹಂಗೇ. ಹಚ್ಚಿದ ಕೂಡಲೆ ಏನೂ ಆಗಲಿಲ್ಲ. ಆರು ತಿಂಗಳಿಗೆ ನಿಮ್ಮಲ್ಲಿ ನೌಕರಿ ಸಿಕ್ಕಿತು."

ರಾವುಗಾರು "ಸರಿ ಅಮ್ಮಾ" ಎಂದು ಫೋನಿಟ್ಟರು. ಆಮೇಲೆ ನಗತೊಡಗಿದರು. ಕುರ್ಚಿಗೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣು ಒರೆಸಿಕೊಳ್ಳುವವರೆಗೆ ನಕ್ಕರು. ಖದೀರ್ ಭಾಯಿ, "ಅಮ್ಮಾ ಸಹೀ ಬೋಲೇ" ಎಂದರು, ಅಮ್ಮ ಸರಿಯಾಗೇ ಹೇಳಿದರು ಎಂದು. ಮಧ್ಯಾಹ್ನ ಮಾದಾಪುರದವರು ಬಂದರು, ಪೆಟ್ಟಿಗೆಗಳನ್ನು ಒಂದೊಂದಾಗಿ ಅಳೆಸಿದರು, ಕೇಬಲ್ಲನ್ನು ತಾವೇ ಹಿಡಿದು ಬಗ್ಗಿಸಿ ನೋಡಿದರು. ಅವರಲ್ಲಿ ಹಿರಿಯರೊಬ್ಬರು, "ಒಳ್ಳೆಯ ಕೇಬಲ್ಲು ಆರಿಸಿದ್ದೀರಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ರಾವುಗಾರು, "ನಮ್ಮ ಶರಣಮ್ಮನ ಆಯ್ಕೆ" ಎಂದರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗಳು ಎಂದೂ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಚಹಾ ಬಂತು.

ಮುಂದಿನ ದಸರೆಗೆ ಲಗ್ನಪತ್ರಿಕೆ ಕೊಡುವವರಂತೆ ರಾವುಗಾರೇ ಅವ್ವನಿಗೆ ಫೋನು ಮಾಡಿ ಕರೆದರು. ಅದಕ್ಕೆ ಮೊದಲು ನಮ್ಮಲ್ಲಿ ಒಂದು ಸಭೆಯೂ ನಡೆಯಿತು, ಅಮ್ಮ ಬರುತ್ತಾರೆ, ಅಂಚು ಎಲ್ಲಿ ಕೊಡುವುದು ಎಂದು. ನಾನು ಕೇಬಲ್ಲಿನ ನಡುಮಧ್ಯಕ್ಕೆ ಒಂದು ಬಟ್ಟೆಯ ಪಟ್ಟಿ ಕಟ್ಟಿಟ್ಟೆ. ಅವ್ವ ಬಂದು ತಿರುಗಿಸಿ ನೋಡಿ, "ಇದು ಅಂಚಲ್ಲ, ನಡಾ. ನಡಕ್ಕ ಯಾರು ಹಚ್ಚತಾರ?" ಎಂದು ತುದಿಯ ಕಡೆ ಕೈ ಹಾಕಿದಳು. ಅಳತೆಯ ಕೋಣೆಯಲ್ಲಿದ್ದವರೆಲ್ಲ ಉಸಿರು ಹಿಡಿದು ನಿಂತರು. ಕಾಪಾಡಿದವರು ಖದೀರ್ ಭಾಯಿ. ಕೋಠಿಯಿಂದ ತಂದ ಒಂದು ಮಕಮಲ್ಲಿನ ಚೀಲವನ್ನು ಬೆನ್ನ ಹಿಂದಿನಿಂದ ತೆಗೆದು, ಕೇಬಲ್ಲನ್ನು ಅದರೊಳಗಿಟ್ಟು, ಅವ್ವನ ಮುಂದೆ ಹಿಡಿದರು.

"ಅಮ್ಮಾ, ಕಪ್ಡಾ. ಚಾರ್ ಕೋನೇ."

ಬಟ್ಟೆಯ ನಾಲ್ಕು ಮೂಲೆ ನೋಡಿ ಅವ್ವನ ಮುಖ ಅರಳಿತು. ಹೀಗೆ ಕೋಠಿಯ ಸಾಮಾನು ಕೊನೆಗೂ ನನ್ನ ಅಳತೆಯ ಕೋಣೆಯೊಳಗೆ ಬಂತು.

ಆ ಕೇಬಲ್ಲಿಗೆ ವಯಸ್ಸಾಯಿತು. ಎಷ್ಟು ಒಳ್ಳೆಯ ಮನೆತನದ್ದಾದರೂ ಬಗ್ಗಿ ಬಗ್ಗಿ ಒಳಗಿನ ಜಾಳಿಗೆ ಸೋಲುತ್ತದೆ. ಅದನ್ನು ನಿವೃತ್ತಿ ಮಾಡಿಸಿ ಮನೆಗೆ ತಂದಾಗ ಅವ್ವ ಟಾಕಿಯ ಕಾಲಿಗೆ ಕಟ್ಟುವ ಮೊದಲು ಟೋಪಿ ತೆಗೆದು ಎರಡೂ ಮೂತಿಗೆ ತಣ್ಣಗೆ ಅರಿಷಿಣ ಹಚ್ಚಿದಳು. ಆ ಸಲ ಯಾರೂ ಒರೆಸಲಿಲ್ಲ.

ಸ್ಪಿರಿಟ್ಟಿನ ಸಣ್ಣ ಸೀಸೆ, ಹತ್ತಿಯ ಕಡ್ಡಿ ಈಗ ಸದಾ ನನ್ನ ಚೀಲದಲ್ಲಿರುತ್ತವೆ. ಎಂಥ ಹಳದಿಯನ್ನೂ ತೆಗೆಯುವ ಕೈ ನನ್ನದು ಎಂದು ಕಾರ್ಖಾನೆಯಲ್ಲಿ ಹೆಸರಿದೆ. ಮೊನ್ನೆ ಯಾವುದೋ ಕೋರ್ಸಿಗೆ ಅರ್ಜಿ ಹಾಕಲು ಸರ್ಟಿಫಿಕೆಟ್ ಸ್ಕ್ಯಾನ್ ಮಾಡಿ ಕಳಿಸಿದ್ದೆ. ಮೂಲೆಯಲ್ಲಿ ಕಲೆ ಕಾಣುತ್ತಿದೆ, ಸ್ವಚ್ಛ ಪ್ರತಿ ಕಳಿಸಿ ಎಂದು ಉತ್ತರ ಬಂತು. ಸೀಸೆ ಕೈಯಳತೆಯಲ್ಲೇ ಇತ್ತು. ಚೀಲದ ಜಿಪ್ಪು ಎಳೆದು ಮುಚ್ಚಿ, ಮೂಲ ಪ್ರತಿ ಇರುವುದೇ ಹೀಗೆ ಎಂದು ಬರೆದು ಕಳಿಸಿದೆ.